ಗುಂಡಕ್ಕನ ಸೊಂಟಕ್ಕೆ ಎಷ್ಟು ಬಲ

ಕಬ್ಬಿಣದ ಗುಂಡು ಎಸೆಯುತ್ತಾಳೆಂದು ಬೀದಿಯವರು ಅವಳಿಗೆ ಗುಂಡಕ್ಕ ಎಂದು ಹೆಸರಿಟ್ಟಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಮಹಡಿ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ. ಗಾಲಿಕುರ್ಚಿಯಲ್ಲೇ ಕಾಲೇಜಿಗೆ ಹೋಗಿ ಶರೀರಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳಾದಳು. ಈ ಸಲದ ಅಂಗವಿಕಲರ ಕ್ರೀಡಾಕೂಟದಲ್ಲಿ ಮೊದಲ ಮೂವರಲ್ಲಿ ಒಬ್ಬಳಾದರೆ ಕ್ರೀಡಾ ಕೋಟಾದಡಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೀಟು, ಜೊತೆಗೆ ಹಾಸ್ಟೆಲಿನಲ್ಲೊಂದು ಕೋಣೆ. ಬಾಗಿಲು ಹಾಕಿಕೊಂಡು ಓದುವಂಥ ಕೋಣೆ ಅವಳಿಗೆ ಈವರೆಗೆ ದಕ್ಕಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ವೈದ್ಯೆಯೊಬ್ಬರು ಆಟಗಾರರನ್ನು ಪರೀಕ್ಷಿಸಿ, ದೇಹದಲ್ಲಿ ಉಳಿದಿರುವ ಬಲಕ್ಕೆ ತಕ್ಕ ಗುಂಪಿಗೆ ಹಾಕುತ್ತಿದ್ದರು. ಗುಂಡಕ್ಕ ಮೂರು ವರ್ಷದಿಂದ ಸೊಂಟದಲ್ಲಿ ಬಲವಿಲ್ಲದವರ ಗುಂಪಿನಲ್ಲಿದ್ದಳು. ಅಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಮಗಳಿಗೆ ಯಾರು ನೆರವಾಗುತ್ತಾರೆ ಎಂದು ವೈದ್ಯೆ ಜೊತೆಗೆ ಬಂದಿದ್ದ ಅಮ್ಮನನ್ನು ಕೇಳಿದರು. ಅಮ್ಮ ನೆಟ್ಟಗೆ ಕೂತಳು. ಸಂಬಂಧ ಕೇಳಲು ಬಂದವರ ಮುಂದೆ ಆಡುವ ದನಿ ಬಂತು.

"ನೆರವಾ? ಅವಳೇ ನಮಗೆ ನೆರವು ಡಾಕ್ಟ್ರೇ. ಮಣೆ ಮೇಲೆ ಕೂತ್ಕೊಂಡು ಐದು ಜನದ ಬಟ್ಟೆ ಒಗೀತಾಳೆ. ದಪ್ಪ ಚಾದರಾನ ಎರಡೂ ಕೈಲಿ ಹಿಂಡಿದ್ರೆ ಒಂದು ಹನಿ ಉಳಿಯಲ್ಲ."

ವೈದ್ಯೆಯ ಪೆನ್ನು ನಿಂತಿತು. ಎರಡೂ ಕೈ ಚಾದರದಲ್ಲಿದ್ದರೆ ಆಸರೆಗೆ ಹಿಡಿದುಕೊಳ್ಳುವುದು ಯಾವುದರಿಂದ? ಗುಂಡಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಕೈ ಬಿಟ್ಟು ಎಡಕ್ಕೆ ಹೊರಳು, ಬಲಕ್ಕೆ ಹೊರಳು ಎಂದರು. ಹೊರಳಿದಳು. ಬೀಳಲಿಲ್ಲ. ಬೇಕೆಂದೇ ಬಿದ್ದುಬಿಡಬಹುದಿತ್ತೇನೋ ಎಂದು ಆಮೇಲೆ ಅವಳಿಗೆ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅರ್ಧ ಗಂಟೆಯಲ್ಲಿ ಗುಂಪು ಬದಲಾಯಿತು. ಹೊಸ ಗುಂಪಿನವರು ಸೊಂಟದ ಬಲವಿದ್ದು ಅವಳಿಗಿಂತ ಒಂದು ಮೀಟರ್ ಹೆಚ್ಚು ದೂರ ಎಸೆಯುವವರು.

ಸೊಂಟದ ಒಂದೊಂದು ಸ್ನಾಯುವಿನ ಹೆಸರು ಬರೆದು ಅಂಕ ಗಿಟ್ಟಿಸಿದವಳಿಗೆ ತನ್ನ ಸೊಂಟದ ಸುದ್ದಿಯೇ ತಿಳಿದಿರಲಿಲ್ಲ. ಕೋಚ್ ಬರೆಸುವ ವ್ಯಾಯಾಮದ ಪುಸ್ತಕದಲ್ಲಿ ಬಟ್ಟೆ ಒಗೆಯುವುದಕ್ಕೆ ಜಾಗವಿರಲಿಲ್ಲ, ಅವಳೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡೂ ಕಾಲು ಗಟ್ಟಿಯಿರುವ ಅಣ್ಣ ಕುಡಿದ ಲೋಟವನ್ನೂ ಎತ್ತಿಡುವವನಲ್ಲ. ಈ ವೈದ್ಯೆ ಅವನನ್ನು ಯಾವ ಗುಂಪಿಗೆ ಹಾಕುತ್ತಿದ್ದರೋ!

ಅಮ್ಮ ಹಾಗೆ ಹೇಳಿದ್ದು ಹೆಮ್ಮೆಗೋ, ಮಗಳು ಹಾಸ್ಟೆಲಿಗೆ ಹೋದರೆ ಒಗೆಯುವವರಿಲ್ಲ ಎಂದೋ? ಹೊರಗೆ ಬಂದವಳೇ ಗುಂಡಕ್ಕ ಅಮ್ಮನನ್ನು ಕೇಳಿಬಿಟ್ಟಳು.

"ಕೈಲಾಗದವಳು ಅಂತ ಬರ್ಕೊಂಡ್ರೆ ನಂಗೆ ಸಹಿಸೋಕಾಗುತ್ತಾ?"

"ಹಾಗೆ ಬರ್ಕೊಂಡ್ರೇನೇ ಅಮ್ಮಾ ನಾನು ಗೆಲ್ಲೋದು."

ಕೈಲಾಗುತ್ತದೆ ಅಂದರೆ ಸೋಲು, ಆಗದು ಅಂದರೆ ಗೆಲುವು, ಇದ್ಯಾವ ಸೀಮೆ ಆಟ ಎಂದು ಅಮ್ಮ ಗೊಣಗಿದಳು. ವಿವರಿಸಲು ಹೋದ ಗುಂಡಕ್ಕ ನಡುವೆಯೇ ತೊಡರಿದಳು. ನಿನ್ನೆಯವರೆಗಿನ ಪದಕಗಳು ತನ್ನವೋ ಅಲ್ಲವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಮರುದಿನ ಎಸೆಯುವ ಕುರ್ಚಿಗೆ ಅವಳ ತೊಡೆಗಳನ್ನು ಪಟ್ಟಿಯಿಂದ ಬಿಗಿದರು. ಮೊದಲೆರಡು ಎಸೆತ ಬರೀ ತೋಳಿನವು, ಹತ್ತಿರವೇ ಬಿದ್ದವು. ಸೊಂಟ ಇದೆಯಂತಲ್ಲ, ಬಳಸು ಎಂದರು ಕೋಚ್. ಮೂರನೆಯದಕ್ಕೆ ಅಳುಕುತ್ತಲೇ ಪೂರ್ತಿ ತಿರುಗಿ ಎಸೆದಳು. ಗುಂಡು ಅವಳು ಹಿಂದೆಂದೂ ಎಸೆಯದಷ್ಟು ದೂರ ಹೋಗಿ ಬಿತ್ತು. ಕೊನೆಗೆ, ನಾಲ್ಕನೆಯವಳಿಗಿಂತ ನಾಲ್ಕೇ ಸೆಂಟಿಮೀಟರ್ ಮುಂದೆ, ಮೂರನೆಯ ಸ್ಥಾನ.

ಅಮ್ಮ ಹತ್ತಿರ ಬಂದು, ಮೂರನೆಯ ಸ್ಥಾನಕ್ಕೂ ಸೀಟು ಉಂಟೇ ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

"ಯಾವಾಗ ಹೋಗ್ಬೇಕು?"

"ಮುಂದಿನ ತಿಂಗಳು."

"ಅಷ್ಟರೊಳಗೆ ನಿಮ್ಮಣ್ಣಂಗೆ ಬಟ್ಟೆ ಒಗೆಯೋದು ಕಲಿಸ್ಬಿಟ್ಟು ಹೋಗು."

ಹೋಗು ಎಂದಳಲ್ಲ ಎಂದು ನಗಬೇಕೋ, ಕಲಿಸುವ ಕೆಲಸವೂ ತನ್ನ ತಲೆಗೇ ಬಂತಲ್ಲ ಎಂದು ಸಿಟ್ಟಾಗಬೇಕೋ ತಿಳಿಯದೆ ಗುಂಡಕ್ಕ ತೊಡೆಯ ಪಟ್ಟಿ ಬಿಚ್ಚುತ್ತ ಕೂತಳು.