ಕಂಡಿಕೆಯ ಗಾಡಿಗೆ ಹಾಕಿದ ಎಣ್ಣೆ

೧೯೮೬ನೆಯ ಇಸವಿ, ನನಗಾಗ ಮೂವತ್ತೊಂದು ವರ್ಷ. ಇಳಕಲ್ಲಿನ ಮನೆಯಿಂದ ಹುನಗುಂದದ ಪ್ರೌಢಶಾಲೆಗೆ ನಿತ್ಯ ಬಸ್ಸಿನಲ್ಲಿ ಹೋಗಿ ಕನ್ನಡ ವ್ಯಾಕರಣವನ್ನು ಕಲಿಸುತ್ತಿದ್ದೆ. ಆಟಿಕೆಯೊಂದರ ಎಣ್ಣೆಯನ್ನು ಕುರಿತು ಇಷ್ಟೆಲ್ಲ ಬರೆಯಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬರೆಯಬೇಕು. ನಮ್ಮ ಮನೆಯಲ್ಲಿ ಅದು ಆಟಿಕೆಯಾಗಿ ಉಳಿದಿರಲಿಲ್ಲ.

ಅಕ್ಕನ ಬಲಗಾಲು ಎಳವೆಯಲ್ಲಿಯೇ ಸೋತಿತ್ತು. ಬಾಗಿಲ ಬಳಿ ಕುಳಿತು ರಾಟೆಯಲ್ಲಿ ಕಂಡಿಕೆ ಸುತ್ತುವುದು, ಅಂದರೆ ಹೊಕ್ಕಿನ ನೂಲನ್ನು ಲಾಳಿಯೊಳಗೆ ಕೂಡುವಂಥ ಸಣ್ಣ ಕೊಳವೆಗಳಿಗೆ ಸುತ್ತುವುದು, ಅವಳ ಕೆಲಸ. ಆ ಕಂಡಿಕೆಗಳು ಓಣಿಯ ಆಚೆಗೆ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಕಾಕಾನ ಕುಣಿಮಗ್ಗಕ್ಕೆ ಹೋಗಬೇಕು. ಓಣಿ ಕಿರಿದು, ಆದರೆ ಪಾಲಿಶ್ ಕಾರ್ಖಾನೆಗಳವರು ಎಸೆದ ಗ್ರಾನೈಟ್ ಚಕ್ಕೆಗಳನ್ನು ಹಾಸಿದ್ದ ಆ ನೆಲವನ್ನು ಬುಟ್ಟಿ ಹಿಡಿದು ದಾಟುವುದು ಅವಳಿಂದಾಗದು. ನೆರೆಯವರು ತಮಗೆ ಬಿಡುವಾದಾಗ ಮುಟ್ಟಿಸುತ್ತಿದ್ದರು. ಅಲ್ಲಿಯವರೆಗೆ ಮಗ್ಗ ನಿಂತಿರುತ್ತಿತ್ತು. ಬೇಸತ್ತ ಕಾಕಾ ಒಂದು ದಿನ ಹೇಳಿಯೇಬಿಟ್ಟ: ಕಂಡಿಕೆಯ ಕೆಲಸವನ್ನು ಹಿಂದಿನ ಓಣಿಯ ಮನೆಯೊಂದಕ್ಕೆ ವಹಿಸುತ್ತೇನೆ, ಅಕ್ಕ ಆರಾಮವಾಗಿ ಕುಳಿತಿರಲಿ.

"ನನಗ ಆರಾಮ ಬ್ಯಾಡ," ಎಂದಳು ಅಕ್ಕ. "ಕೆಲಸ ನಂದು. ನಾನ ಕಳಸ್ತೇನಿ."

ಕಳುಹಿಸುವ ಸಾಧನ ಮನೆಯಲ್ಲಿಯೇ ಇತ್ತು: ಕುವೈತಿನಲ್ಲಿದ್ದ ತಮ್ಮ ರಜೆಗೆ ಬಂದಾಗ ತಂದು ಬಿಟ್ಟುಹೋಗಿದ್ದ, ರೇಡಿಯೋದಿಂದ ನಡೆಯುವ ಮೊಳದುದ್ದದ ಟ್ರಕ್ಕು. ಅಕ್ಕ ಅದರ ಹಿಂಬದಿಯಲ್ಲಿ ಕಂಡಿಕೆಗಳನ್ನು ಜೋಡಿಸಿ, ಅದನ್ನು ದೂರದಿಂದಲೇ ನಡೆಸುವ ಪುಟ್ಟ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಅದರ ಕಡ್ಡಿಯನ್ನು ಮುಂದಕ್ಕೆ ಒತ್ತಿದಳು. ಟ್ರಕ್ಕು ಮೊದಲ ಚಕ್ಕೆಯನ್ನೇರಿದ್ದೇ ಕಪ್ಪೆಯಂತೆ ಜಿಗಿಯಿತು. ಕಂಡಿಕೆಗಳು ಧೂಳಿಗೆ ಬಿದ್ದವು. ಧೂಳು ಹತ್ತಿದ ರೇಷ್ಮೆ ಸೀರೆಗೆ ಒದಗದು. ಓಣಿಯವರು ಮನಸಾರೆ ನಕ್ಕರು.

ಗಾಲಿಗಳ ಮೇಲೆ, ಸ್ಪ್ರಿಂಗುಗಳೊಳಗೆ, ಮೋಟಾರ್ ಸೈಕಲ್ಲಿನವುಗಳ ಮರಿಗಳಂತಿದ್ದ, ಕುಲುಕನ್ನು ತಡೆಯುವ ಶಾಕ್‌ಗಳಿದ್ದವು. ಬಿಚ್ಚಿ ನೋಡಿದೆ, ಎಣ್ಣೆ ಸೋರಿ ಬರಿದಾಗಿದ್ದವು. ಸ್ಪ್ರಿಂಗು ಗಾಡಿಯನ್ನು ಚಿಮ್ಮಿಸುತ್ತದೆ, ಎಣ್ಣೆ ಆ ಚಿಮ್ಮುವಿಕೆಯನ್ನು ತಡೆಯುತ್ತದೆ. ಎಣ್ಣೆ ತೆಳುವಾದರೆ ತಡೆಯದು. ದಪ್ಪವಾದರೆ ಗಾಲಿಯನ್ನು ಅಲುಗಗೊಡದು. ಅದಕ್ಕೆ ಪರದೇಶದ ಎಣ್ಣೆಯೇ ಆಗಬೇಕು, ಬೇರೆ ಏನನ್ನೂ ಸುರಿಯಬಾರದು ಎಂದು ತಮ್ಮ ಹೋಗುವಾಗ ಎಚ್ಚರಿಸಿದ್ದ. ಪರದೇಶದ ಎಣ್ಣೆಗೆ ನಾವು ಕಾಯಬಹುದಿತ್ತು, ಕಾಕಾ ಕಾಯುವವನಲ್ಲ. ನಾನು ಸುರಿದೆ.

ನಮ್ಮ ಕಡೆ ಯಾವುದಕ್ಕೇ ಆಗಲಿ ಮೊದಲು ಕೈ ಹೋಗುವುದು ಕುಸುಬಿ ಎಣ್ಣೆಗೆ: ಪಲ್ಲೆಗೂ ಅದೇ, ದೀಪಕ್ಕೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ನನ್ನ ಕೈಯೂ ಅಲ್ಲಿಗೇ ಹೋಯಿತು. ಟ್ರಕ್ಕು ತುಂಬು ಬಸುರಿ ಎಮ್ಮೆಯ ಹಾಗೆ ತೂಗುತ್ತ ಓಣಿಯನ್ನು ದಾಟಿತು. ಹಲವು ವಾರ ಮಗ್ಗ ನಿಲ್ಲಲಿಲ್ಲ. ಆಮೇಲೆ ಶಾಕ್‌ಗಳು ಒಂದೊಂದಾಗಿ ಹಿಡಿದುಕೊಂಡು, ಕಂಡಿಕೆಗಳು ಮತ್ತೆ ನೆಲಕ್ಕುರುಳಿದವು. ಬಿಚ್ಚಿದರೆ ಒಳಗೆ ಬೆಲ್ಲದ ಪಾಕದಂಥ ಅಂಟು! ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಬಾಣಲೆಯ ಅಂಚಿನಿಂದ ಅದನ್ನು ದಿನವೂ ಕೆರೆದು ತೆಗೆಯುವ ಮನೆಯವರೇ ನಾವು. ಯಂತ್ರಕ್ಕೆ ಹಾಕುವಾಗ ನೆನೆಯಲಿಲ್ಲ.

"ಲೇ ಮಾಸ್ತರ, ಒಗ್ಗರಣಿ ಭಾಳ ಆತೇನು?" ಎಂದು ಕಾಕಾ ಕುಣಿಯೊಳಗಿಂದ ಕೇಳಿದ. ಬಳಿಕ ನಗೆಯನ್ನು ಬಿಟ್ಟು, "ಶನಿವಾರದ ತನಕ ನೋಡ್ತೇನಿ. ಆಮ್ಯಾಲೆ ಕೆಲಸ ಆ ಮನಿಗೆ," ಎಂದ.

ಅಕ್ಕ ಈಚೆಯಿಂದಲೇ ಉತ್ತರಿಸಿದಳು: "ನೀ ಶನಿವಾರ ಕುಣ್ಯಾಗ ಕುಂತಿರು ಕಾಕಾ. ಗಾಡಿ ಬರತೈತಿ."

ಗ್ಯಾರೇಜಿನವನು ಗೇರ್ ಎಣ್ಣೆಯೆಂದ, ದರ್ಜಿ ಹೊಲಿಗೆ ಯಂತ್ರದ ಎಣ್ಣೆಯೆಂದ. ಇಬ್ಬರೂ ಆಣೆ ಮಾಡುವುದೊಂದು ಬಾಕಿ. ಗೇರ್ ಎಣ್ಣೆಯಲ್ಲಿ ಗಾಲಿಗಳು ಸೆಟೆದುಕೊಂಡು ಪ್ರತಿ ಚಕ್ಕೆಯ ಪೆಟ್ಟನ್ನೂ ಕಂಡಿಕೆಗೆ ಮುಟ್ಟಿಸಿದವು. ಇನ್ನೊಂದರಲ್ಲಿ ಅದೇ ಕಪ್ಪೆಯ ಜಿಗಿತ. ಆದರೆ ಎರಡೂ ಒಣಗದ ಎಣ್ಣೆಗಳು, ಒಂದರೊಳಗೊಂದು ಬೆರೆಯುವಂಥವು. ಬೆರೆಸಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಹೊರೆಯೂ ಕಲ್ಲೂ ಅವೇ ಇರಬೇಕು ಎಂಬುದು ನಾನು ಹಾಕಿಕೊಂಡ ನಿಯಮ. ಮೇಷ್ಟರು ಉತ್ತರಪತ್ರಿಕೆಗಳನ್ನು ತಿದ್ದಲಿ, ಗಾಡಿಯನ್ನೇಕೆ ತಿದ್ದುತ್ತಾರೆ ಎಂದು ಕಟ್ಟೆಯ ಮೇಲಿನವರು ಆಡಿಕೊಂಡರು. ತಪ್ಪು ಎಲ್ಲಿದೆಯೋ ಅಲ್ಲಿ ತಿದ್ದುವವನು ನಾನು. ಅವರ ಅಪ್ಪಣೆ ಬೇಕಿರಲಿಲ್ಲ.

ಗಾಡಿ ನಡೆಸುವವಳು ಅಕ್ಕ, ತೀರ್ಪೂ ಅವಳದೇ. ಶುಕ್ರವಾರ ಸಂಜೆ ಅವಳೆಂದಳು: "ಮೂಗು ಸರಿ ಐತಿ. ಬೆನ್ನು ಇನ್ನೂ ಒದೀತೈತಿ." ಹೊರೆಯೆಲ್ಲ ಹಿಂದಿದ್ದುದರಿಂದ ಹಿಂದಿನ ಶಾಕ್‌ಗಳಿಗೆ ಹೆಚ್ಚು ದಪ್ಪನೆಯದು ಬೇಕಿತ್ತು. ಮುಂದಿನವನ್ನು ಮುಟ್ಟದೆ, ಹಿಂದಿನವುಗಳಲ್ಲಿ ಗೇರ್ ಎಣ್ಣೆಯ ಪಾಲನ್ನು ಏರಿಸಿದೆ.

ಮರುದಿನ ಬೆಳಗಿನ ಶಾಲೆ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಅಕ್ಕ ಯಾರ ಮುಖವನ್ನೂ ನೋಡದೆ ಗಾಡಿ ಬಿಟ್ಟಳು. ಮೂಗು ಚಕ್ಕೆಯನ್ನೇರಿ ಇಳಿಯಿತು. ಬೆನ್ನು ಎದ್ದು, ಮಗುವನ್ನು ತೊಟ್ಟಿಲಲ್ಲಿ ಇಳಿಸುವಂತೆ ಮೆಲ್ಲನೆ ಕುಳಿತಿತು. ಒಂದು ಕಂಡಿಕೆಯೂ ಬೀಳಲಿಲ್ಲ. ಕಾಕಾ ಬಗ್ಗಿ ಒಂದನ್ನೆತ್ತಿಕೊಂಡು ಲಾಳಿಗೆ ಹಾಕಿ ನೇಯತೊಡಗಿದ. ಹಲವು ಕಂಡಿಕೆಗಳು ಮುಗಿದ ಮೇಲೆ ಕುಣಿಯೊಳಗಿಂದ ಕೂಗಿದ: "ಕೆಂಪು ನೂಲು ತೀರಾಕ ಬಂತು. ಇನ್ನೊಂದು ಗಾಡಿ ಬಿಡವಾ."

"ಬಿಡ್ತೇನಿ," ಎಂದಳು ಅಕ್ಕ. "ಮೊದಲ ಖಾಲಿ ಕೊಳವಿ ಗಾಡ್ಯಾಗ ತುಂಬಿ ಕಳಸು."

ಕಾಕಾ ತುಂಬಿ ಕಳುಹಿಸಿದ. ಹಿಂದಿನ ಓಣಿಯ ಮನೆಯ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ. ಅಂದು ೧೯೮೬ನೆಯ ಇಸವಿಯ ಆಗಸ್ಟ್ ಇಪ್ಪತ್ತಮೂರು, ಶನಿವಾರ.