ನಾಗಲದಿನ್ನೆಯ ವೀರಗಲ್ಲು, ಆದೋನಿಯ ಹತ್ತಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಪುರಾತತ್ವ ಇಲಾಖೆಯವರು ನನ್ನನ್ನು ಆದೋನಿಗೆ ಹಾಕಿದರು. ಮೊಣಕಾಲು ನೋವು, ಮುಗಿಯದ ಫೈಲುಗಳು. ಹೊಸದೇನನ್ನೂ ಮೈಮೇಲೆ ಎಳೆದುಕೊಳ್ಳುವ ಉತ್ಸಾಹ ಉಳಿದಿರಲಿಲ್ಲ. ಆಗಲೇ ಮೇಲಿನಿಂದ ಪತ್ರ ಬಂತು: ಪ್ರಾಚೀನ ಶಿಲ್ಪಗಳ ಪಕ್ಕದಲ್ಲಿ ಇಂದಿನ ಕಲಾವಿದರ ಕೃತಿಗಳನ್ನಿಟ್ಟು ಪ್ರದರ್ಶನ ಮಾಡಬೇಕು. ನಾನು ಕನ್ಸರ್ವೇಟರ್, ಅಂದರೆ ಹಳೆಯ ವಸ್ತು ಇನ್ನಷ್ಟು ಹಾಳಾಗದಂತೆ ಕಾಯುವವನು. ಇದು ನನ್ನ ಕೆಲಸವಲ್ಲ ಎಂದು ಬರೆಯಬಹುದಿತ್ತು. ಬರೆಯಲೂ ಬೇಸರವಾಗಿ ಒಪ್ಪಿಕೊಂಡೆ.

ಆದೋನಿ ಕಡೆಯ ನಾಗಲದಿನ್ನೆ ಎಂಬ ಊರಿನಲ್ಲಿ ಕುರಿಗಳ್ಳರೊಡನೆ ಕಾದಾಡಿ ಸತ್ತವನ ವೀರಗಲ್ಲೊಂದಿತ್ತು. ಕುರಿ ಸಾಕುವ ಮನೆಯ ಹನುಮಕ್ಕ ಅವನನ್ನು ನಮ್ಮಪ್ಪ ಎಂದೇ ಕರೆಯುತ್ತ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಒಂದು ತಿಂಗಳ ಮಟ್ಟಿಗೆ ಕೊಡಲು ಒಪ್ಪಿದಳು.

"ಹೆಂಗ ಒಯ್ತೀರೋ ಹಂಗ ತಂದಿಡ್ರಿ ಸಾರ್," ಅಂದಳು. ಆಗಲಿ ಎಂದು ಮಾತು ಕೊಟ್ಟೆ.

ಪ್ರದರ್ಶನಕ್ಕೆ ಸಿಕ್ಕಿದ್ದು ಒಂದು ಹಳೆಯ ಹತ್ತಿ ಗೋದಾಮು. ಅಲ್ಲಿನ ಬೆಳಕಿನಲ್ಲಿ ಕಲ್ಲು ಬರೀ ಕರಿ ಮುದ್ದೆಯಾಗಿ ಕಂಡಿತು. ಎಣ್ಣೆಯ ಪದರ ಕಲ್ಲಿಗೆ ಒಳ್ಳೆಯದಲ್ಲ ಎಂದೇ ನಾವು ಕಲಿತಿದ್ದೆವು. ಜಿಡ್ಡು ಕರಗಿಸುವ ಸಾಲ್ವೆಂಟಿನಲ್ಲಿ ಹತ್ತಿ ಅದ್ದಿ ಒಂಬತ್ತು ದಿನ ಒರೆಸಿದೆ. ಮೀಸೆ ಬಂತು, ಬಿಲ್ಲು ಬಂತು, ಕಾಲ ಬಳಿ ಒಂದು ಟಗರೂ ಬಂತು. ಎಷ್ಟೋ ವರ್ಷಗಳ ಮೇಲೆ ನನ್ನ ಕೆಲಸ ನನಗೇ ಖುಷಿ ಕೊಟ್ಟಿತು. ಕೊಟ್ಟ ಮಾತು ನೆನಪಿಗೇ ಬರಲಿಲ್ಲ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ ಕಾರ್ಮಿಕರ ಮಗಳಾದ ಕಲಾವಿದೆ ಶಾಹೀನ್ ಆ ಕರಿ ಹತ್ತಿಯ ಉಂಡೆಗಳನ್ನು ಕೇಳಿದಳು. "ಒಗೀಬ್ಯಾಡ್ರಿ ಸಾರ್, ನನಗ ಬೇಕು." ಅವು ಆರಿದ ಮೇಲೆ ದಾರಕ್ಕೆ ಪೋಣಿಸಿ, ವೀರಗಲ್ಲಿನ ಪಕ್ಕ ಅದರಷ್ಟೇ ಎತ್ತರಕ್ಕೆ ತೂಗುಬಿಟ್ಟಳು. ಇದೂ ಒಂದು ಕಲೆಯೇ ಎಂದು ಮನಸ್ಸಿನಲ್ಲೇ ನಕ್ಕೆ.

ಮೊದಲ ದಿನವೇ ಹನುಮಕ್ಕ ಬಸ್ಸು ಹತ್ತಿ ಬಂದಳು. ಕಲ್ಲನ್ನು ಬಹಳ ಹೊತ್ತು ನೋಡಿ ಮುಂದೆ ಸರಿದಳು. ಹತ್ತಿಯ ಎದುರು ನಿಂತು, ಒಂದು ಉಂಡೆ ಹಿಡಿದು ಮೂಸಿದಳು. ಕಾವಲುಗಾರ ಕೂಗುವಷ್ಟರಲ್ಲಿ ಕೈ ಮುಗಿದಿದ್ದಳು.

"ಆ ಕಲ್ಲು ಯಾರದೋ ಸಾರ್. ನಮ್ಮಪ್ಪ ಇಲ್ಲಿ ಅದಾನ. ನಮ್ಮತ್ತಿ, ಆಕಿ ಅತ್ತಿ ಹಚ್ಚಿದ ಎಣ್ಣಿ ಇದು. ಹಂಗೇ ತರ್ತೀನಿ ಅಂದಿದ್ರಲ್ರಿ?"

ಕೊಟ್ಟ ಮಾತು ಆಗ ನೆನಪಾಯಿತು. ನಾಚಿಕೆಯಾಯಿತು.

ತಿಂಗಳು ಮುಗಿದು ಕಲ್ಲನ್ನು ಊರಿನಲ್ಲಿ ನಿಲ್ಲಿಸಿದಾಗ ಅವಳು ಅದನ್ನು ಮುಟ್ಟಲಿಲ್ಲ. ಶಾಹೀನ್ ತನ್ನ ಕೃತಿಯನ್ನು ತಾನೇ ಬಿಚ್ಚಿ ಚೀಲದಲ್ಲಿ ತಂದು ಅವಳ ಮುಂದಿಟ್ಟಳು. ಹನುಮಕ್ಕ ಒಂದು ಉಂಡೆ ಬಿಡಿಸಿ, ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿ, ಹಣತೆಗಿಟ್ಟು ಹಚ್ಚಿದಳು. ಹೊಗೆ ನೇರ ಕಲ್ಲಿನ ಮುಖಕ್ಕೆ ಹೋಯಿತು. ತಡೆಯಬೇಕಾದವನು ನಾನು, ತಡೆಯಲಿಲ್ಲ.

"ಅಮಾಸಿಗೊಂದು ಬತ್ತಿ. ಈ ಹತ್ತಿ ತೀರಲಿ. ಕಲ್ಲು ಮುಟ್ಟಬೇಕೋ ಬ್ಯಾಡೋ ಆಮ್ಯಾಲ ನೋಡ್ತೀನಿ," ಅಂದಳು.

ಆಮೇಲೆ ಉಳಿದ ಸರ್ವಿಸಿನಲ್ಲಿ ಯಾವ ಕಲ್ಲಿಗೂ, ಇದಕ್ಕೆ ಎಣ್ಣೆ ಹಚ್ಚುವವರು ಯಾರು ಎಂದು ಕೇಳದೆ ನಾನು ಹತ್ತಿ ಮುಟ್ಟಿಸಲಿಲ್ಲ. ಮೂವತ್ತು ವರ್ಷದ ನೌಕರಿ ಇಷ್ಟು ಸಣ್ಣ ಮಾತನ್ನು ಕಲಿಸಲು ಇಷ್ಟು ತಡಮಾಡಿತು. ನಿವೃತ್ತನಾಗಿ ಬಹಳ ದಿನವಾಯಿತು. ಮೊನ್ನೆ, ಈಗಲೂ ಆ ಊರಿಗೆ ಹೋಗಿ ಬರುವ ಶಾಹೀನ್‌ಗೆ ಫೋನ್ ಮಾಡಿ ಕೇಳಿದೆ. ಹನುಮಕ್ಕನ ಹತ್ತಿ ಇನ್ನೂ ತೀರಿಲ್ಲವಂತೆ.