ಸೀಟಿನ ಕೆಳಗಿನ ಚೀಲ

ಹಂಗಳದ ಟ್ಯಾಕ್ಸಿ ಡ್ರೈವರ್ ಚಿಕ್ಕಮಲ್ಲಪ್ಪ ಆಪತ್ತಿಗೆಂದು ಕಟ್ಟಿಟ್ಟ ಚೀಲವನ್ನು ಎಂದೂ ಡಿಕ್ಕಿಯಲ್ಲಿ ಇಡುತ್ತಿರಲಿಲ್ಲ. ಟಾರ್ಚು, ನೀರು, ಹಗ್ಗ, ಬ್ಯಾಂಡೇಜು ಎಲ್ಲವೂ ಸೀಟಿನ ಕೆಳಗೇ ಇರಬೇಕು. "ಬಂಡೀಪುರದ ಕಾಡಲ್ಲಿ ಗಾಡಿ ಕೆಟ್ರೆ ಕೆಳಕ್ಕಿಳಿಯೋಕಾಯ್ತದೇನ್ಲಾ?" ಎಂದು ಬೇರೆ ಡ್ರೈವರುಗಳನ್ನು ಗದರುತ್ತಿದ್ದ. ತಿನ್ನುವುದಕ್ಕೆ ಒಣ ಬಿಸ್ಕತ್ತು ಮಾತ್ರ. ಬಾಳೆಗೊನೆಯ ವಾಸನೆ ಹಿಡಿದು ಬಂದ ಆನೆ ಒಂದು ಕಾರನ್ನು ಜಜ್ಜಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಆ ಸಂಜೆ ಹೆಂಡತಿ ಗಂಗಾಂಬಿಕೆಯನ್ನು ಕೂರಿಸಿಕೊಂಡು ಗೂಡಲೂರಿನ ಮಗಳ ಮನೆಗೆ ಹೊರಟಿದ್ದಾಗ ಕಾಡಿನ ನಡುವೆ ಎಂಜಿನ್ ನಿಂತುಹೋಯಿತು. ಚಿಕ್ಕಮಲ್ಲಪ್ಪ ಗಾಬರಿಯಾಗಲಿಲ್ಲ. ಗಾಜು ಏರಿಸಿ, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಹಿಂದೆ ಬರುವ ಯಾರಾದರೂ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸುತ್ತಾರೆ, ಅಲ್ಲಿಯವರೆಗೆ ಕಾದರೆ ಸಾಕು.

ಆಗ ಮೂಗಿಗೆ ಸಿಹಿಯಾದ ಘಮಲು ಬಡಿಯಿತು.

"ಇಂದ್ಗಡೆ ಏನ್ ಮಡಗಿದ್ದೀಯೆ?"

"ಮಗಳು ಬಸ್ರಿ ಕಣಿ, ಅಲಸಿನಣ್ಣು ಬೇಕು ಅಂದ್ಲು. ನೀವು ಬೈತೀರಿ ಅಂತ ಗೋಣಿ ಸುತ್ತಿ ಡಿಕ್ಕೀಲಿ ಮಡಗಿವ್ನಿ."

ಬೈಯಲು ಬಾಯಿ ತೆರೆದ ಚಿಕ್ಕಮಲ್ಲಪ್ಪನ ಕಣ್ಣು ಕನ್ನಡಿಯತ್ತ ಹೊರಳಿತು. ಈಗ ತಾನೇ ಅದರಲ್ಲಿ ಕಾಣುತ್ತಿದ್ದ ರಸ್ತೆ ಕಾಣಲಿಲ್ಲ. ಕಾರಿನ ಹಿಂಭಾಗ ಮೆಲ್ಲಗೆ ತಗ್ಗಿತು.